ಮೆಣಸಿನ ಚೀಲದ ಮೇಲಿನ ಕಂಬಳಿ

ರಾಣೆಬೆನ್ನೂರಿನಲ್ಲಿ ಸಾವಕಾರನ ಕಂಬಳಿ ಅಂಗಡಿಯ ಎರಡನೇ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ದಸರೆಗೆ ಇನ್ನೂ ಎಂಟು ದಿನವಿತ್ತು. ಸೋಮವಾರ, ಬೆಳಿಗ್ಗೆ ಹತ್ತೂವರೆ. ಹೆಗಲ ಮೇಲೆ ಬ್ಯಾಡಗಿಯಿಂದ ತಂದ ಗಂಟಿತ್ತು. ಅದರೊಳಗೆ ಏನಾಗಿದೆ ಎಂಬುದು ನನಗೆ ಗೊತ್ತಿತ್ತು, ಸಾವಕಾರನಿಗೆ ಗೊತ್ತಿರಲಿಲ್ಲ.

ಅದರ ಹಿಂದಿನ ವರ್ಷದ ಮಾತು ಮೊದಲು ಹೇಳಬೇಕು.

ನನ್ನ ಅಕ್ಕ ಕರ್ಜಗಿಯಲ್ಲಿ ಉಣ್ಣೆಯ ನೂಲಿಗೆ ಬಣ್ಣ ಹಾಕುತ್ತಿದ್ದಳು. ಕರಿ ಕಂಬಳಿಗೆ ಬೇಕಾಗುವ ಕೆಂಪು ಅಂಚಿನ ನೂಲು. ಸುತ್ತಲಿನ ನೇಕಾರರೆಲ್ಲ ಅವಳ ಮನೆಗೇ ತರುತ್ತಿದ್ದರು. ಹಂಡೆ ಕುದಿಯುವಾಗ ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನೇಯ್ದ ಕಂಬಳಿಗೆ ನೇಕಾರರು ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುತ್ತಾರೆ. ಗಂಜಿ ಕುಡಿದ ಕಂಬಳಿಗೆ ಪಸೆ ತಾಕಿದರೆ ಬೂಷ್ಟು ಬರುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಸಾವಕಾರನಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಗೋದಾಮಿತ್ತು. ಆ ನೇಕಾರರಿಂದ ಕೊಂಡ ಕಂಬಳಿಗಳನ್ನು ಮಳೆಗಾಲಕ್ಕೆ ಮೆಣಸಿನ ಚೀಲಗಳ ಮೇಲೆ ಒಟ್ಟಿಸುತ್ತಿದ್ದ. "ಈ ಘಾಟಿಗೆ ಒಂದು ಹುಳ ಹಾಯಂಗಿಲ್ಲ ತಮ್ಮಾ," ಎನ್ನುತ್ತಿದ್ದ. ಹುಳ ಹಾಯಲಿಲ್ಲ, ಖರೆ. ಆದರೆ ಚೀಲ ತುಂಬುವಾಗ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುತ್ತಾರೆ. ಆ ಪಸೆ ಮೇಲೇರಿತು. ನಾನು ಸಾವಕಾರನ ಗೂಡ್ಸ್ ಗಾಡಿ ಹೊಡೆಯುವವನು, ಆ ವರ್ಷದ ಗಂಟನ್ನೂ ಎತ್ತಿದವನು ನಾನೇ. ಹನ್ನೆರಡು ಕಂಬಳಿಗಳಲ್ಲಿ ಕೆಳಗಿನ ನಾಲ್ಕು ಕೆಟ್ಟಿದ್ದವು. ಬೂದಿಯಂಥ ಪುಡಿ, ಮುಗ್ಗಲು ವಾಸನೆ, ಕೆಂಪು ಅಲ್ಲಲ್ಲಿ ಕಂದಿ ಚಹಾದ ಕಲೆಯಂತಾಗಿತ್ತು. ಮೇಲಿನ ಎಂಟಕ್ಕೆ ಏನೂ ಆಗಿರಲಿಲ್ಲ.

ಸಾವಕಾರ ಆ ನಾಲ್ಕನ್ನೇ ಗಿರಾಕಿಗಳ ಮುಂದೆ ಹಿಡಿದ. ಎರಡು ಬೆರಳಿನಿಂದ ಅಂಚು ಎಳೆದ. ಹರಿಯಿತು. "ನೋಡ್ರಿ, ಕರ್ಜಗಿಯಾಕಿ ಬಣ್ಣ ಉಣ್ಣೇನ ತಿಂದೈತಿ," ಎಂದ.

"ಕೆಳಗಿನವಷ್ಟ ಕೆಟ್ಟಾವ್ರಿ. ಮ್ಯಾಲಿನವಕ್ಕೂ ಅಕ್ಕನ ಬಣ್ಣಾನ ಐತಿ," ಎಂದೆ.

"ಗಾಡಿ ಹೊಡ್ಯಾವ ಗಾಡಿ ಹೊಡಿಯಪಾ."

ಜನ ನಕ್ಕರು. ಎದುರಿನ ಅಂಗಡಿಯ ಟೇಲರ್ ಮಾಸ್ತರನೂ ನಕ್ಕ. ದೀಪಾವಳಿಯ ಹೊತ್ತಿಗೆ ಅಕ್ಕನ ಮನೆಗೆ ನೂಲು ಬರುವುದು ನಿಂತಿತು. ಬಣ್ಣದ ಹಂಡೆಯಲ್ಲಿ ಸ್ನಾನದ ನೀರು ಕಾಯತೊಡಗಿತು. ನಾನು ಸಾವಕಾರನ ಕೆಲಸ ಬಿಡಲಿಲ್ಲ. ಬಿಡದೆ ಇದ್ದದ್ದು ಹೊಟ್ಟೆಪಾಡಿಗಲ್ಲ.

ಮರುವರ್ಷ ಅವನು ಹಾವೇರಿಯಿಂದ ಗಿರಣಿ ಬಣ್ಣದ ಅಂಚಿನ ಕಂಬಳಿ ತರಿಸಿ, ಮತ್ತೆ ಚೀಲಗಳ ಮೇಲೆಯೇ ಒಟ್ಟಿಸಿದ. ನಾನು ಅಡಿಗೆ ಕೈ ತೂರಿಸಿ ನೋಡಿದೆ. ಚೀಲ ಪಸೆಯಿಂದ ತಣ್ಣಗಿತ್ತು.

"ಎಲ್ಲಾ ಸರಿ ಐತಿಲ್ಲೋ ತಮ್ಮಾ?" ಎಂದು ಸಾವಕಾರ ಕೇಳಿದ.

"ಭಾಳ ಸರಿ ಐತ್ರಿ," ಎಂದೆ.

ಮಳೆಗಾಲವಿಡೀ ಎಂಟು ದಿನಕ್ಕೊಮ್ಮೆ ಕೈ ತೂರಿಸಿ ನೋಡಿದೆ. ಮೊದಲು ವಾಸನೆ ಬಂತು, ಆಮೇಲೆ ಪುಡಿ. ಪ್ರತಿ ಸಲವೂ ಹೊಟ್ಟೆ ತಣ್ಣಗಾಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ.

ಆ ಸೋಮವಾರ ಗಂಟನ್ನು ನಾನೇ ಬಿಚ್ಚಿದೆ. ಹಬ್ಬದ ಗದ್ದಿಗೆಗೆ ಹಾಸುವ ಕಂಬಳಿ ಕೊಳ್ಳಲು ಕುಪ್ಪೇಲೂರಿನ ವಯಸ್ಸಾದ ಅಮ್ಮನೊಬ್ಬಳು ಕೂತಿದ್ದಳು. ಮಾಸ್ತರ ಚಹಾದ ಕಪ್ಪು ಹಿಡಿದು ಬಂದು ನಿಂತಿದ್ದ. ಎಲ್ಲಕ್ಕಿಂತ ಕೆಳಗಿನದನ್ನು ಎಳೆದು, ಎರಡು ಬೆರಳಿನಿಂದ ಅಂಚು ಹಿಡಿದೆ. ಹರಿಯಿತು.

"ಇದರಾಗ ಯಾರ ಬಣ್ಣ ಐತ್ರಿ, ಸಾವಕಾರ್ರ?"

ಅಮ್ಮ ಮೂಸಿ ನೋಡಿ ದೂರ ತಳ್ಳಿದಳು. "ಬೂಷ್ಟ ಹಿಡದೈತಿ. ಬಣ್ಣ ಏನ್ ಮಾಡತೈತಿ? ಇಟ್ಟಾವಗ ಬುದ್ಧಿ ಇಲ್ಲ."

"ಹೋದ ವರ್ಷಾನೂ ಹಿಂಗ ಇತ್ತಲ್ಲೋ ಮಾರಾಯಾ!" ಎಂದ ಮಾಸ್ತರ. ಈ ಸಲ ಅವನು ನಗಲಿಲ್ಲ.

"ಬಣ್ಣದ ತಪ್ಪಲ್ಲ ಅಂತ ಕರ್ಜಗಿಗೆ ಬಂದು ಅಕ್ಕನ ಮುಂದ ಹೇಳ್ರಿ," ಎಂದು ಸಾವಕಾರನಿಗೆ ಹೇಳಿದೆ. ಅವನು ಬರಲಿಲ್ಲ. ನೂಲೂ ಬರಲಿಲ್ಲ.

ಸಾವಕಾರ ಹೋದ ವರ್ಷ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ, ಕ್ಷಮಿಸಲು ಹೋದದ್ದಲ್ಲ. ಅವನ ಮಗ ಈಗಲೂ ಗಿರಾಕಿಗಳಿಗೆ, ಕರ್ಜಗಿಯ ಬಣ್ಣ ಉಣ್ಣೆ ತಿನ್ನುತ್ತದೆ ಎನ್ನುತ್ತಾನೆ. ಅದಕ್ಕೇ ಇದನ್ನು ಬರೆದೆ. ಆ ದಿನ ಕಂಡವರಲ್ಲಿ ನನ್ನ ಹೊರತು ಇಬ್ಬರು ಬದುಕಿದ್ದಾರೆ. ಎದುರಂಗಡಿಯ ಟೇಲರ್ ಮಾಸ್ತರ, ಈಗಲೂ ಅಲ್ಲೇ ಹೊಲಿಯುತ್ತಾನೆ. ಕುಪ್ಪೇಲೂರಿನ ಆ ಅಮ್ಮ. ಕಿವಿ ಮಂದವಾಗಿದೆ, ಜೋರಾಗಿ ಕೇಳಬೇಕು.