ಕಾಲರ್ ಒಂದೇ ಕಳ್ಳತನ ಮಾಡೀತೆ?

ಆ ಬೀದಿಯವರು ಅವನಿಗೆ ಇಟ್ಟ ಹೆಸರು ಒಂದಿಂಚು. ಅಂಗಿಯಾಗಲಿ ಕೋಟಾಗಲಿ, ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಟ್ಟೇ ಹೊಲಿಯುವ ಟೇಲರ್ ಅವನು. ಯಾರಾದರೂ ಕೇಳಿದರೆ, "ಇರಲಿ ಬಿಡಿ, ಮನುಷ್ಯ ಅಂದ್ಮೇಲೆ ಇವತ್ತಲ್ಲ ನಾಳೆ ಉಬ್ಬುತ್ತಾನೆ" ಎನ್ನುವನು. ಉಬ್ಬದವರೂ ಇದ್ದರು. ಅವರ ಒಂದಿಂಚು ವರ್ಷಗಟ್ಟಲೆ ಕತ್ತಲಲ್ಲೇ ಕಾಯುತ್ತಿತ್ತು.

ಏನನ್ನಾದರೂ ಬಿಸಾಡುವುದೆಂದರೆ ಅವನಿಗೆ ಜೀವ ಹೋದ ಹಾಗೆ. ಪ್ರತಿ ಗಿರಾಕಿಯ ಅಳತೆಗೂ ಅವನು ತೆಳ್ಳನೆಯ ಕಂದು ಕಾಗದದಲ್ಲಿ ತೋಳು, ಬೆನ್ನು, ಕಾಲರುಗಳ ಆಕಾರ ಕತ್ತರಿಸಿಟ್ಟುಕೊಳ್ಳುತ್ತಿದ್ದ. ಆ ಅಳತೆ ಕಾಗದಗಳೆಲ್ಲ ಗೋಡೆಯ ತುಂಬ ಮೊಳೆಗಳಲ್ಲಿ ನೇತಾಡುತ್ತಿದ್ದವು. ಯಾರಾದರೂ ಬಾಗಿಲು ತೆರೆದರೆ ಸಾಕು, ಇಡೀ ಗೋಡೆ ಒಣಗಿದ ಮರದಂತೆ ಸರಸರ ಎನ್ನುತ್ತಿತ್ತು. ತೀರಿಕೊಂಡು ಎಂಟು ವರ್ಷವಾದ ಅಂಚೆಯವನ ಪ್ಯಾಂಟಿನ ಅಳತೆಯೂ ಅಲ್ಲಿತ್ತು.

ಪರದೆಯ ಹಿಂದೆ ಅವನ ಅಕ್ಕ ಕೂತು ಗುಂಡಿ ಹಚ್ಚುತ್ತಿದ್ದಳು, ಕಾಜಾ ಹಾಕುತ್ತಿದ್ದಳು. ಅವನಿಗೆ ಏಳು ವರ್ಷವಿದ್ದಾಗ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದವಳು ಅವಳೇ. ಈಗ ಅವನಿಗೆ ಐವತ್ತೆಂಟು. ದಾರದ ತುದಿಯನ್ನು ಒದ್ದೆ ಮಾಡುವ ರೀತಿ ಸರಿಯಿಲ್ಲ ಎಂದು ಇವತ್ತಿಗೂ ಬೈಯುತ್ತಿದ್ದಳು. ಬೈಯಲು ಉಸಿರಿದ್ದರೆ ಸಾಕು ಎಂದು ಅವನು ಅಂದುಕೊಳ್ಳುತ್ತಿದ್ದ. ಹೋದ ಚಳಿಗಾಲದಲ್ಲಿ ಎರಡು ಸಲ ಅವಳ ಶ್ವಾಸಕೋಶಕ್ಕೆ ಸೋಂಕು ತಗುಲಿತ್ತು. ಎರಡನೆಯ ಸಲ ಆಸ್ಪತ್ರೆಯ ಬೆಂಚಿನಲ್ಲಿ ಮೂರು ದಿನ ಅವನು ಕೊರಳಿನ ಟೇಪನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಇಷ್ಟನ್ನೇ ಮಾಡಿದ್ದ. ಈಗಂತೂ ಊರಿಗೇ ಕೊರೋನಾ ಬಂದಿತ್ತು.

ಲಸಿಕೆಯ ಮೊದಲ ಸರದಿಯಲ್ಲಿ ಅವನು ಹಾಕಿಸಿಕೊಂಡ. ಅವತ್ತು ಅಕ್ಕನಿಗೆ ಜ್ವರವಿದ್ದುದರಿಂದ ಅವಳದು ತಪ್ಪಿಹೋಯಿತು. ಈಗ ಹತ್ತಿರದ ಶಾಲೆಯಲ್ಲಿ ಮತ್ತೆ ಹಾಕುತ್ತಿದ್ದರು, ಆದರೆ ಬೇರೆ ಬಗೆಯದು. ಅಕ್ಕ ಸುತರಾಂ ಒಪ್ಪಲಿಲ್ಲ.

"ನಿನಗೆ ಹಾಕಿದ್ದೇ ನನಗೂ ಬೇಕು. ಒಂದು ಅಂಗಿಗೆ ಎರಡು ಬಣ್ಣದ ದಾರ ಹಾಕ್ತಾರೇನೋ?"

"ನಾವಿಬ್ರೂ ಒಂದೇ ಅಂಗೀನಾ ಅಕ್ಕ?"

"ಒಂದೇ ಥಾನಿನ ಬಟ್ಟೆ. ನಿಂದು ಸ್ವಲ್ಪ ಅಗ್ಗದ ಕಡೆಯಿಂದ ಹರಿದಿದ್ದು."

ಶಾಲೆಯಲ್ಲಿ ಲಸಿಕೆಯ ಕೊನೆಯ ದಿನ, ಮಧ್ಯಾಹ್ನದ ಬಿಡುವಿನಲ್ಲಿ, ಅಲ್ಲಿನ ನರ್ಸು ತನ್ನ ಬಿಳಿ ಕೋಟಿನ ಸೊಂಟ ಸಡಿಲಿಸಲು ಅಂಗಡಿಗೆ ಬಂದಳು. ಟೇಲರ್ ಹೊಲಿಗೆ ಬಿಚ್ಚುತ್ತಲೇ ದನಿ ತಗ್ಗಿಸಿ ಅಕ್ಕನ ಹಟ ಹೇಳಿಕೊಂಡ.

"ನಾಲ್ಕು ಗಂಟೆಗೆ ಮುಚ್ತೀವಿ ಅಣ್ಣ. ಮುಂದಿನದು ಯಾವಾಗಂತ ನಮಗೂ ಗೊತ್ತಿಲ್ಲ" ಎಂದಳು ನರ್ಸು. "ಅವರ ಶ್ವಾಸಕೋಶಕ್ಕೆ ಈ ಕಾಯಿಲೆ ಬಂದ್ರೆ ಕಷ್ಟ. ಲಸಿಕೆ ಹಾಕಿದ್ಮೇಲೂ ಬರಬಹುದು, ಸುಳ್ಳು ಹೇಳಲ್ಲ. ಆದ್ರೆ ಆಸ್ಪತ್ರೆ ಸೇರೋ ಮಟ್ಟಕ್ಕೆ ಹೋಗೋದು ತುಂಬ ಕಮ್ಮಿ ಆಗತ್ತೆ." ಆಮೇಲೆ ಯಾವ ಲಸಿಕೆ ಹೇಗೆ ಕೆಲಸ ಮಾಡುತ್ತದೆಂದು ಅವನಿಗೆ ತಿಳಿಯುವ ಹಾಗೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕೋಟು ಸಡಿಲವಾಗಿತ್ತು. ಟೇಲರನ ತಲೆಯೊಳಗೆ ಅಷ್ಟೂ ವಿಷಯ ಬಟ್ಟೆಯಾಗಿ ಮಾರ್ಪಟ್ಟಿತ್ತು.

ನರ್ಸು ಹೋದದ್ದೇ ತಡ, ಅವನು ಪರದೆ ಸರಿಸಿ ಅಕ್ಕನನ್ನು ಕತ್ತರಿಸುವ ಮೇಜಿನ ಹತ್ತಿರ ಕರೆತಂದು ಕೂರಿಸಿದ.

"ಕೊರೋನಾ ಅಂದ್ರೆ ಒಬ್ಬ ಕಳ್ಳ ಅಂದ್ಕೋ ಅಕ್ಕ. ಅವನ ಕೋಟಿಗೆ ಒಂದು ವಿಚಿತ್ರ ಕಾಲರ್, ತುಂಬ ಮುಳ್ಳುಮುಳ್ಳು. ಮೈಯೊಳಗಿರೋ ಕಾವಲುಗಾರರಿಗೆ ಆ ಕಾಲರ್ ಗುರುತು ಸಿಕ್ರೆ ಸಾಕು, ಅವನು ಬಂದಾಗ ಹಿಡೀತಾರೆ. ಗುರುತು ತೋರ್ಸೋಕೆ ನಾಲ್ಕು ದಾರಿ." ಅವನು ಬಾಗಿಲ ಬಳಿಯ ಬೊಂಬೆಗೆ ಒಂದು ಕೋಟು ತೊಡಿಸಿದ. "ನನಗೆ ಹಾಕಿದ್ದು ಇದು. ಸತ್ತ ಕಳ್ಳನ್ನೇ ಕೋಟಿನ ಸಮೇತ ತಂದು ನಿಲ್ಸೋದು. ಕೈಕಾಲು ಆಡಲ್ಲ, ಮರಿ ಹಾಕಲ್ಲ. ನೋಡ್ಕೊಳಿ, ಹೀಗಿರ್ತಾನೆ ಅಂತ."

"ನಿನ್ನ ಮೈಯೊಳಗೆ ಹೆಣ ಇಟ್ಕೊಂಡು ಓಡಾಡ್ತಿದೀಯ. ಆಮೇಲೆ?"

"ಎರಡನೇದು, ಕಳ್ಳ ಬೇಡ, ಕೋಟೂ ಬೇಡ. ಹೊರಗಡೆ ಹೊಲಿದ ಕಾಲರ್ ಮಾತ್ರ ಒಳಗೆ ಕಳಿಸೋದು. ಮೂರನೇದು, ಒಬ್ಬ ಸಾಧು ಮನುಷ್ಯನ ಜೇಬಲ್ಲಿ ಕಾಲರ್ ಹೊಲಿಯೋ ವಿಧಾನ ಬರೆದ ಚೀಟಿ ಇಟ್ಟು ಕಳಿಸೋದು. ಅವನೂ ಒಂದು ವೈರಸ್ಸೇ, ಆದ್ರೆ ಹೆಚ್ಚಿ ಹರಡೋ ಶಕ್ತಿ ಕಿತ್ತು ಬಿಟ್ಟಿರ್ತಾರೆ. ಚೀಟಿ ತಲುಪಿಸೋದಷ್ಟೇ ಅವನ ಕೆಲಸ. ನಾಲ್ಕನೇದು, ಶಾಲೇಲಿ ಇವತ್ತು ಹಾಕ್ತಿರೋದು." ಅವನು ಒಂದು ಕಾಲರಿನ ಕಾಗದವನ್ನು ಮೇಣದ ಹಾಳೆಯಲ್ಲಿ ಸುತ್ತಿ ಅವಳ ಮುಂದಿಟ್ಟ. "ಬರೀ ಅಳತೆ ಕಾಗದ. ಕೊಬ್ಬಿನ ಸಣ್ಣ ಪೊಟ್ಟಣದಲ್ಲಿ ಸುತ್ತಿ ಕಳಿಸ್ತಾರೆ. ನಮ್ಮ ಮೈಯೊಳಗಿನ ಟೇಲರುಗಳೇ ಅದನ್ನ ನೋಡಿ ಕಾಲರ್ ಹೊಲೀತಾರೆ."

ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದು, ಹೊಸ ಗಿರಾಕಿಯ ಬಟ್ಟೆ ಪರೀಕ್ಷಿಸುವಂತೆ ಪರೀಕ್ಷಿಸಿದಳು.

"ಇದರಲ್ಲಿ ಪೂರ್ತಿ ಕೋಟು ಇಲ್ಲ?"

"ಇಲ್ಲ. ಕಾಲರ್ ಮಾತ್ರ. ಕಾಲರ್ ಒಂದೇ ಎದ್ದು ಹೋಗಿ ಕಳ್ಳತನ ಮಾಡತ್ತಾ?"

ಅಕ್ಕನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಟೇಲರ್ ಗೋಡೆಯ ಗಡಿಯಾರವನ್ನೇ ನೋಡಿದ. ಮೂರೂ ಹತ್ತು.

"ಆಯ್ತು" ಎಂದಳು ಅಕ್ಕ. "ಹೊಲಿದಾದ ಮೇಲೆ ಈ ಕಾಗದ ಏನಾಗತ್ತೆ?"

"ಸ್ವಲ್ಪ ದಿನದಲ್ಲಿ ಮೈಯೇ ಹರಿದು ಚೂರು ಮಾಡಿ ಬಿಸಾಕತ್ತೆ. ಅಪ್ಪ ಅಮ್ಮನಿಂದ ಬಂದ ನಮ್ಮ ಹುಟ್ಟಿನ ಅಳತೆಗಳಿರೋ ಪೆಟ್ಟಿಗೆ ಹತ್ರಾನೂ ಅದು ಹೋಗಲ್ಲ."

ಅಕ್ಕ ನಿಧಾನವಾಗಿ ತಲೆಯೆತ್ತಿ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಐವತ್ತು ವರ್ಷದಿಂದ ಈ ಕಸುಬಿನಲ್ಲಿದೀನಿ. ಟೇಲರ್ ಆದವನು ಅಳತೆ ಕಾಗದ ಹರಿದು ಬಿಸಾಕಿದ್ದು ನಾನು ನೋಡಿಲ್ಲ. ಅಂಚೆಯವನು ಮಣ್ಣಾದ, ಅವನ ಪ್ಯಾಂಟು ಇನ್ನೂ ಮೊಳೇಲಿದೆ. ನನ್ನೊಳಗಿರೋರೂ ನಿನ್ನ ಜಾತಿಯವರೇ ತಾನೆ? ಇಟ್ಕೊಂಡು ಕೂತ್ರೆ? ಸಾಯೋ ತನಕ ಕಾಲರ್ ಹೊಲೀತಾನೇ ಇದ್ರೆ?"

ಟೇಲರೂ ಗೋಡೆ ನೋಡಿದ. ಸಾಕ್ಷಿಯೆಲ್ಲ ಅವನ ವಿರುದ್ಧವೇ ನೇತಾಡುತ್ತಿತ್ತು.

"ಎಲ್ಲರೂ ನನ್ನ ಥರ ಇರಲ್ಲ ಅಕ್ಕ."

"ನೀನು ಹರೀತೀಯಾ?"

ಅವನು ಗೋಡೆಯತ್ತ ನಡೆದ. ಅಂಚೆಯವನ ಪ್ಯಾಂಟಿಗೆ ಕೈ ಹಾಕಿದರೆ ಸುಲಭವಿತ್ತು. ಆದರೆ ಸತ್ತವನ ಮೇಲೆ ಶೌರ್ಯ ತೋರಿಸಿದರೆ ಅಕ್ಕ ನಂಬುವಳಲ್ಲ. ಅವನು ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಕಿತ್ತುಕೊಂಡ. ಬಟ್ಟೆಯ ಕತ್ತರಿಯಿಂದ ಕಾಗದ ಕತ್ತರಿಸುವುದು ಅವನ ಮಟ್ಟಿಗೆ ಕೊಲೆಗೆ ಸಮ. ಹಾಗಾಗಿ ಕೈಯಿಂದಲೇ ಉದ್ದಕ್ಕೆ ಹರಿದ. ಅಡ್ಡಕ್ಕೆ ಹರಿದ. ಮತ್ತೆ ಹರಿದ. ಕಿವಿ ಕೆಂಪಾಗಿದ್ದವು.

"ಅಯ್ಯೋ ಹುಚ್ಚಪ್ಪ!" ಅಕ್ಕ ಎದ್ದು ನಿಂತಿದ್ದಳು. "ಅದು ಬ್ಯಾಂಡಿನ ತುತ್ತೂರಿಯವನದು ಕಣೋ! ಗುರುವಾರ ಕೋಟು ಕೊಡಬೇಕು, ಇನ್ನೂ ತೋಳು ಕತ್ತರಿಸಿಲ್ಲ!"

ಟೇಲರ್ ಕೈಯಲ್ಲಿದ್ದ ಚೂರುಗಳನ್ನು ನೋಡಿದ. ತುತ್ತೂರಿಯವನಿಗೆ ಒಂದು ತೋಳು ಇನ್ನೊಂದಕ್ಕಿಂತ ಉದ್ದ, ಎಷ್ಟೆಂಬುದು ಆ ಕಾಗದಕ್ಕೆ ಮಾತ್ರ ಗೊತ್ತಿತ್ತು. ಆದರೂ ಅವನು ಚೂರುಗಳನ್ನು ಕಸದ ಬುಟ್ಟಿಗೆ ಹಾಕಿ, ಮತ್ತೆ ಗೋಡೆಗೆ ಕೈ ಚಾಚಿದ.

"ಸಾಕು ನಿಲ್ಸು." ಅಕ್ಕ ಅವನ ಮುಖವನ್ನೇ ನೋಡಿದಳು. "ಅಷ್ಟೊಂದು ಹೆದರಿದೀಯೇನೋ?"

ಅವನು ಗಡಿಯಾರ ನೋಡಿದ.

"ನಡಿ. ನೀನು ಊರಿನವರನ್ನೆಲ್ಲ ಬರೀ ಮೈಯಲ್ಲಿ ನಿಲ್ಸೋದ್ರೊಳಗೆ ಹೋಗ್ಬಿಟ್ಟು ಬರೋಣ."

ನಾಲ್ಕಕ್ಕೆ ಹದಿನೈದು ನಿಮಿಷವಿರುವಾಗ ಅವಳು ಶಾಲೆಯ ಮಕ್ಕಳ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು ನರ್ಸಿಗೆ ತೋಳು ಕೊಟ್ಟಳು. ಕೊಡುವ ಮೊದಲು ಸೂಜಿಯನ್ನು ದಿಟ್ಟಿಸಿ, "ಹತ್ತನೇ ನಂಬರಿನದಾ?" ಎಂದಳು. ಚುಚ್ಚಿದ ಮೇಲೆ, "ಕೈ ಹಗುರ ಇದೆ, ಕಾಜಾ ಕಲಿಬಹುದು" ಎಂದು ಸರ್ಟಿಫಿಕೇಟು ಕೊಟ್ಟಳು. ಕೆಲವು ವಾರ ಬಿಟ್ಟು ಇನ್ನೊಂದು ಹಾಕಿಸಿಕೊಳ್ಳಬೇಕು, ಗುರುತು ಗಟ್ಟಿಯಾಗಬೇಕಲ್ಲ ಎಂದು ನರ್ಸು ಹೇಳಿದಾಗ, "ಕಾವಲುಗಾರರು ದಡ್ಡರೇ ಅನ್ನು" ಎಂದಳು.

ಮರುದಿನ ಬೆಳಿಗ್ಗೆ ಅವಳಿಗೆ ಸಣ್ಣ ಜ್ವರ. ತೋಳು ನೋವು. ಇದು ಆಗುವುದೇ, ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ನರ್ಸು ಮೊದಲೇ ಹೇಳಿದ್ದರೂ ಟೇಲರ್ ಅಂಗಡಿ ತೆರೆಯದೆ ಮಂಚದ ಕಾಲ ಬಳಿ ಕೂತ. ಅಕ್ಕನ ಉಸಿರು ಕೇಳಿಸಿಕೊಂಡ. ಹೋಗುತ್ತಿತ್ತು, ಬರುತ್ತಿತ್ತು, ನೇರ ಹೊಲಿಗೆಯ ಹಾಗೆ.

ಅವಳು ಒಂದು ಕಣ್ಣು ತೆರೆದಳು.

"ಯಾಕೆ ಹಾಗೆ ನೋಡ್ತೀಯ? ಒಳಗೆ ಕೆಲಸ ನಡೀತಿದೆ. ಒಂದು ಕಾಲರಿಗೆ ಇಷ್ಟು ಬಿಸಿ ಇಸ್ತ್ರಿ ಯಾಕೆ ಬೇಕೋ ಕಾಣೆ. ನಾನೇ ಹೊಲಿದಿದ್ರೆ ನಿನ್ನೆ ಸಂಜೆಗೇ ಮುಗಿಸ್ತಿದ್ದೆ."

ಎಂದು ಮಗ್ಗುಲು ಬದಲಿಸಿ ನಿದ್ದೆ ಹೋದಳು.