ಜಪಾನಿ ಅಜ್ಜಿಯ ‘ಹಾಯ್’

ಎಷ್ಟೋ ವರ್ಷಗಳ ಹಿಂದೆ ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ನೆಲೆಸಿದ ಜಪಾನಿ ಅಜ್ಜಿಯರ ನೆನಪುಗಳನ್ನು ರೆಕಾರ್ಡ್ ಮಾಡಲು ಜನ ಬೇಕೆಂದು ನಮ್ಮ ಲೈಬ್ರರಿಯಲ್ಲಿ ಚೀಟಿ ಅಂಟಿಸಿದ್ದರು. ಕೆಲಸ ಸಿಗದೆ ವಿಲೆಟನ್ನಿನ ಮನೆಯಲ್ಲಿ ಕೂತಿದ್ದ ನಾನು ಹೆಸರು ಕೊಟ್ಟೆ. ನನ್ನದು ಮೊದಲಿನಿಂದಲೂ ಅವಸರ. ಕೇಳು, ಬರೆದುಕೋ, ಮುಂದೆ ಹೋಗು.

ನನಗೆ ಸಿಕ್ಕ ಅಜ್ಜಿಗೆ ಎಂಬತ್ತಾರು. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾದ ಸಿಪಾಯಿಯನ್ನು ಮದುವೆಯಾಗಿ ಹಡಗಿನಲ್ಲಿ ಬಂದವರು. ಗಂಡ ತೀರಿಕೊಂಡ ಮೇಲೆ ಎಲೆನ್‌ಬ್ರೂಕಿನಲ್ಲಿ ಮಗಳ ಜೊತೆಗಿದ್ದರು. ಭಾನುವಾರ ಬಂದರೆ ಗಂಡನ ಸಮಾಧಿಗೆ ಹೂವು ಇಡಲೇಬೇಕು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಆದರೂ ಏನು ಕೇಳಿದರೂ ಮೊದಲು “ಹಾಯ್” ಅನ್ನುತ್ತಿದ್ದರು. ನಾವು ಕೈಬೀಸಿ ಹೇಳುವ ಹಾಯ್ ಅಲ್ಲ, ಜಪಾನಿ ಭಾಷೆಯ “ಹೌದು”.

ಒಂದು ದಿನ ಮಗಳು ನನ್ನನ್ನು ಅಡುಗೆಮನೆಗೆ ಕರೆದರು.

“ಅಮ್ಮ ತೀರಿಕೊಂಡ್ಮೇಲೆ ಬೂದಿ ಅಪ್ಪನ ಪಕ್ಕದಲ್ಲಿಡ್ಬೇಕೋ, ಜಪಾನಿಗೆ ತಗೊಂಡ್ಹೋಗ್ಬೇಕೋ ಗೊತ್ತಿಲ್ಲ. ಕೇಳೋಕೆ ನನಗೆ ಬಾಯಿ ಬರ್ತಿಲ್ಲ. ನೀನು ಕೇಳ್ತೀಯಾ?”

ರೆಕಾರ್ಡಿಂಗ್ ನಡುವೆಯೇ ಅಜ್ಜಿಯನ್ನು ಕೇಳಿದೆ. “ನಿಮ್ಮ ಬೂದಿ ಜಪಾನಿಗೆ ಹೋಗ್ಬೇಕಾ?”

“ಹಾಯ್.”

ಹೌದು ಎಂದು ಬರೆದುಕೊಂಡೆ, ಮಗಳಿಗೂ ಹೇಳಿದೆ. ಆ ಚಳಿಗಾಲದಲ್ಲಿ ಅಜ್ಜಿ ಹೋಗಿಬಿಟ್ಟರು. ಮಗಳು ಬೂದಿ ಹಿಡಿದು ಜಪಾನಿಗೆ ವಿಮಾನ ಹತ್ತಿದರು.

ಆಮೇಲೊಂದು ಸಂಜೆ ಮೈಸೂರಿನ ಅಕ್ಕನಿಗೆ ಫೋನ್ ಮಾಡಿ, ರಜೆಗೆ ಬಾರೇ, ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟ ಸುತ್ತಿಸ್ತೀನಿ ಎಂದು ಒಂದೇ ಸಮನೆ ಕೊರೆದೆ. ಅವಳು “ಹೂಂ, ಹೂಂ” ಅನ್ನುತ್ತಿದ್ದಳು.

“ಹಾಗಾದ್ರೆ ಟಿಕೆಟ್ ಬುಕ್ ಮಾಡ್ಲಾ?”

“ಬರ್ತೀನಿ ಅಂತ ಯಾವಾಗ ಹೇಳಿದ್ನೇ? ನೀನು ಹೇಳ್ತಿದ್ದೆ, ಕೇಳ್ತಿದೀನಿ ಅಂತ ಹೂಂಗುಟ್ಟಿದೆ ಅಷ್ಟೆ.”

ಫೋನಿಟ್ಟು ಅಜ್ಜಿಯ ರೆಕಾರ್ಡಿಂಗ್ ಹಾಕಿದೆ. ನನ್ನ ಪ್ರಶ್ನೆ. “ಹಾಯ್.” ಆಮೇಲೆ ಅಜ್ಜಿ ಉಸಿರೆಳೆದುಕೊಂಡದ್ದು ಕೇಳಿಸಿತು. “ಆದ್ರೆ ಅವರು...” ಎಂದು ಮೆಲ್ಲಗೆ ಶುರುಮಾಡಿದ್ದರು. ಅದರ ಮೇಲೇ ನನ್ನ ದನಿ: “ಥ್ಯಾಂಕ್ಸ್. ಮುಂದಿನ ಪ್ರಶ್ನೆ.”

ಹೂಂಗುಟ್ಟುತ್ತಲೇ ಕತೆ ಕೇಳಿ ಬೆಳೆದವಳು ನಾನು. ಅಜ್ಜಿಯ ‘ಹಾಯ್’ ಕೂಡ ಅಂಥದೇ ಹೂಂ ಎಂದು ನನಗೇ ತಿಳಿಯಲಿಲ್ಲವಲ್ಲ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ವಾಪಸ್ ಬಂದ ಮೇಲೆ ಮಗಳು ಫೋನ್ ಮಾಡಿದರು. ಸಮುದ್ರ ಕಾಣುವ ಗುಡ್ಡದ ಮೇಲೆ, ಅಜ್ಜಿಯ ತವರಿನವರ ಸಮಾಧಿಯಲ್ಲಿ ಬೂದಿ ಇಟ್ಟರಂತೆ.

“ಅಪ್ಪ ಇಲ್ಲಿ ಒಬ್ರೇ ಆಗ್ಬಿಟ್ರು. ಆದ್ರೆ ಅಮ್ಮನ ಆಸೆ ಅದೇ ಆಗಿತ್ತಲ್ವಾ?”

ಹೇಳಿಬಿಡಬೇಕೆಂದು ಬಾಯಿ ತೆರೆದೆ.

“ಹೂಂ” ಅಂದೆ.