ಗಂಟಲು ಕೊಟ್ಟ ತೀರ್ಪು

ಗುಂಡ್ಲುಪೇಟೆಯಲ್ಲಿ ನನ್ನ ಪಾಲಿಗೆ ಬಂದ ಮೊದಲ ಆಸ್ತಿ ಒಂದು ಸ್ಟೀಲ್ ಲೋಟ. ಬಸ್ಸಿಳಿದು ಬಂದು, ಟ್ರಂಕುಗಳನ್ನು ಜಗಲಿಯಲ್ಲಿಟ್ಟು, ಬಾಡಿಗೆ ಮನೆಯ ಒಡತಿ ಗೌರಮ್ಮನವರು ಕೊಟ್ಟ ನೀರನ್ನು ಲೋಟಕ್ಕೆ ತುಟಿ ಇಟ್ಟು ಗಟಗಟ ಕುಡಿದೆ. ಅವರು ಬೈಯಲಿಲ್ಲ, ಮುಖ ಸಿಂಡರಿಸಲೂ ಇಲ್ಲ. "ಇದ್ನ ನೀನೇ ಮಡಿಕೋ ಕಣಮ್ಮಿ" ಎಂದು ಲೋಟವನ್ನು ನನ್ನ ಟ್ರಂಕಿನ ಮೇಲಿಟ್ಟರು. ಎಷ್ಟು ಒಳ್ಳೆಯವರು, ಬಂದ ಗಳಿಗೆಯಲ್ಲೇ ಉಡುಗೊರೆ ಕೊಟ್ಟರು ಎಂದು ನಾನು ಹಿಗ್ಗಿದೆ. ಎಂಜಲಾದ ಲೋಟ ಅವರ ಅಡುಗೆಮನೆಗೆ ಮರಳುವುದಿಲ್ಲ ಎಂದು ಗಂಡ ಫೆಲಿಕ್ಸ್ ಒಳಗೆ ಕರೆದು ಬಿಡಿಸಿ ಹೇಳಿದಾಗ ಮುಖ ಎಲ್ಲಿಟ್ಟುಕೊಳ್ಳಲಿ ಎನಿಸಿತು.

ಫೆಲಿಕ್ಸ್ ಇಲ್ಲಿಗೆ ವರ್ಗವಾಗಿ ಬಂದ ದನದ ಡಾಕ್ಟರು. ಅವರ ಬೆನ್ನಿಗೆ ಮಂಗಳೂರಿನ ಕಡೆಯಿಂದ ಬಂದವಳು ನಾನು. ಘಟ್ಟದ ಮೇಲಿನ ಸಂಸಾರ ಹೇಗಿದೆ ಎಂದು ಊರಿನಲ್ಲಿರುವ ನೀವೆಲ್ಲ ಪತ್ರ ಬರೆದು ಕೇಳುತ್ತೀರಿ. ಅಲ್ಲಿ ಮಳೆಗಾಲದಲ್ಲಿ ಲಂಗ ಒಣಗಲು ವಾರ ಬೇಕು. ಇಲ್ಲಿ ಹಿಂಡಿ ಹಾಕಿ ತಿರುಗುವಷ್ಟರಲ್ಲಿ ಹಪ್ಪಳದಂತಾಗಿರುತ್ತದೆ. ಅಲ್ಲಿ ಮೀನಿಲ್ಲದ ಊಟ ಊಟವಲ್ಲ. ಇಲ್ಲಿ ಗೌರಮ್ಮನವರು ಲಿಂಗ ಕಟ್ಟಿದವರು, ಅವರ ಮನೆಯಲ್ಲಿ ಮೀನಿನ ಮಾತೇ ಎತ್ತುವಂತಿಲ್ಲ. ನಾನು "ಹೋಗುವ, ಬರುವ" ಎಂದರೆ ಪಾಠ ಓದಿದ ಹಾಗಿದೆ ಎಂದು ನಗುತ್ತಾರೆ. ಇಲ್ಲಿ "ಓಗನ" ಎನ್ನಬೇಕು. ಸ್ವಲ್ಪಕ್ಕೆ "ವಸಿ" ಎನ್ನಬೇಕು. ಮೊದಲ ತಿಂಗಳುಗಳಲ್ಲಿ ಫೆಲಿಕ್ಸ್ ಹಂಗಳದ ಕಡೆ ಹಸು ನೋಡಲು ಹೋದರೆ ಮಾತಾಡಲು ನನಗೆ ಗೋಡೆಯೇ ಗತಿ. ಅತ್ತದ್ದೂ ಉಂಟು.

ಹಾಗಿರುವಾಗ ಅಮ್ಮನ ಪತ್ರ ಬಂತು. ಮೊಣಕೈ ನೋವಂತೆ, ಈ ಕ್ರಿಸ್ಮಸ್ಸಿಗೆ ವೈನು ನಾನೇ ಮಾಡಿ ತರಬೇಕಂತೆ. ಹಬ್ಬದ ಮರುದಿನ ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಮನೆಮನೆಯ ವೈನನ್ನು ಸಾಲಾಗಿಟ್ಟು ರುಚಿ ನೋಡುವುದು, ನನಗೆ ತಿಳಿದಾಗಿನಿಂದ ಅಮ್ಮನದೇ ಮೊದಲು ಬರುವುದು ನಿಮಗೆ ಹೊಸದಲ್ಲ. ಪತ್ರದ ಕೊನೆಗೆ ಇನ್ನೊಂದು ಸಾಲಿತ್ತು: "ಘಟ್ಟದ ಮೇಲೆ ಹೋದವಳ ಕೈಯಲ್ಲಿ ಇನ್ನೆಂಥ ವೈನು ಎಂದು ಸೆಲಿನ್ ಬಾಯಿ ಹೇಳುತ್ತಿದ್ದಾಳೆ." ವೈನಿಗೆ ಅಂಕ ಹಾಕುವವರೇ ಸೆಲಿನ್ ಬಾಯಿ. ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಮರ್ಯಾದೆಯ ಜೊತೆಗೆ ನನ್ನದನ್ನೂ ಉಳಿಸಿಕೊಳ್ಳಬೇಕಾಯಿತು.

ಚಾಮರಾಜನಗರದ ಮಾರ್ಕೆಟ್ಟಿನಿಂದ ಫೆಲಿಕ್ಸ್ ಕಪ್ಪು ದ್ರಾಕ್ಷಿ ತಂದರು, ಬಸ್ಸಿನಲ್ಲಿ ಯಾರೋ ಅದರ ಮೇಲೆ ಕೂತರಂತೆ, ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ಒಂದನ್ನೇ ನಂಬಿ ಕೂರುವುದು ಬೇಡವೆಂದು ಬೀಟ್‌ರೂಟಿನದೊಂದು, ಬಾಳೆಹಣ್ಣಿನದೊಂದು, ಶುಂಠಿಯದೊಂದು ಭರಣಿ ಹಾಕಿದೆ. ಎಲ್ಲವೂ ಚೆನ್ನಾಗಿಯೇ ಹುದುಗಿದವು. ಕೆಟ್ಟದ್ದು ನನ್ನ ಮೂಗು. ಕಡಲೆಕಾಯಿ ಒಕ್ಕಣೆಯ ಧೂಳಿಗೂ ಇಲ್ಲಿನ ಒಣಗಾಳಿಗೂ ಅದು ಕಟ್ಟಿದ್ದು ಕಟ್ಟಿದ್ದೇ. ಮೂಗಿಲ್ಲದವಳಿಗೆ ರುಚಿಯೆಲ್ಲಿ? ನೆಗಡಿಗೆ ನಾಲಿಗೆಯೂ ಜಡ್ಡುಗಟ್ಟಿತ್ತು. ನಾಲ್ಕೂ ಭರಣಿಯದ್ದು ನನಗೆ ಒಂದೇ ಬೆಚ್ಚನೆಯ ನೀರು. ಫೆಲಿಕ್ಸ್‌ಗೆ ಕೊಟ್ಟರೆ ನಾಲ್ಕಕ್ಕೂ "ಫಸ್ಟ್ ಕ್ಲಾಸ್" ಎಂದರು. ನನ್ನ ಸುಟ್ಟ ಅನ್ನಕ್ಕೂ ಅವರು ಹಾಗೆಯೇ ಹೇಳುವುದು.

ಕೊನೆಗೆ ಗೌರಮ್ಮನವರನ್ನೇ ಕೇಳಿದೆ. ಇದರಲ್ಲಿ ಅಮಲಿದೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಹಣ್ಣಿನ ರಸ ಹುದುಗ್ಸಿರೋದು ತಾನೆ? ಅರಿಷ್ಟ ಅನ್ನು ಮತ್ತೆ. ಬಾಣಂತಿಲಿ ನಮ್ಮತ್ತೆ ಬಾಟ್ಲಿಗಟ್ಲೆ ಕುಡ್ಸಿದ್ರು" ಎಂದು ಸೆರಗು ಸಿಕ್ಕಿಸಿ ಕುಳಿತೇಬಿಟ್ಟರು. ಅವರ ತೋಟದ ಕೆಲಸಕ್ಕೆ ಬರುವ ಮಾದಮ್ಮನೂ ಬಂದು ಪಕ್ಕದಲ್ಲಿ ಕೂತಳು.

ಇಬ್ಬರೂ ಲೋಟ ಎತ್ತಿದರು. ತುಟಿಯಿಂದ ಗೇಣುದ್ದ ಮೇಲಕ್ಕೆ. ಅಲ್ಲಿಂದ ನೇರ ಗಂಟಲಿಗೆ ಸುರಿದುಕೊಂಡರು.

"ತುಟಿ ಇಟ್ಟು ಕುಡೀರಿ, ರುಚಿ ಸಿಗ್ತದೆ" ಎಂದೆ.

"ಎಂಜಲು ಮಾಡ್ಕಂಡು ಕುಡ್ಯಕೆ ನಾವೇನು ಮಕ್ಕಳಾ? ಸುಮ್ನೆ ಬುಡು" ಎಂದರು ಗೌರಮ್ಮ.

ದ್ರಾಕ್ಷಿಯದಕ್ಕೆ ಗೌರಮ್ಮ, "ನೀರು ಕುಡ್ದಂಗದೆ." ಬೀಟ್‌ರೂಟಿನದು ಮಾದಮ್ಮನಿಗೆ ನೋಡಿದರೇ ಹೆದರಿಕೆಯಾಯಿತು. ಬಾಳೆಹಣ್ಣಿನದು ಹೋದದ್ದೇ ಗೊತ್ತಾಗಲಿಲ್ಲವಂತೆ. ಶುಂಠಿಯದು ಇಳಿದಾಗ ಮಾತ್ರ ಇಬ್ಬರ ಕಣ್ಣೂ ಅಗಲವಾದವು.

"ಇದು ಕಣಮ್ಮಿ! ಎದೆವರ್ಗೂ ಬೆಚ್ಚಗೆ ಓಯ್ತದೆ" ಎಂದರು ಗೌರಮ್ಮ.

"ನಮ್ಮೆಜಮಾನ ಕುಡ್ಯೋ ಪ್ಯಾಕೆಟ್ಟಿಗಿಂತ ವಾಸಿ ಕಣವ್ವ" ಎಂದು ಮಾದಮ್ಮ ಇನ್ನೊಂದು ಲೋಟ ಕೇಳಿದಳು.

ಶುಂಠಿ ವೈನನ್ನೇ ಬಾಟಲಿಗೆ ತುಂಬಿದೆ. ಉಳಿದ ಭರಣಿಗಳು ಮೂಲೆ ಸೇರಿದವು.

ಘಟ್ಟ ಇಳಿದು ಸಮುದ್ರದ ಗಾಳಿ ತಾಗಿದ್ದೇ ತಡ, ತಿಂಗಳಿಂದ ಕಟ್ಟಿದ್ದ ಮೂಗು ಬಿಟ್ಟಿತು. ಅಮ್ಮನ ಮೀನುಸಾರು ಅಂಗಳಕ್ಕೇ ಬಂದು ಕರೆಯಿತು. ಆಗಲಾದರೂ ಬಾಟಲಿ ಬಿಚ್ಚಿ ನೋಡಬೇಕಿತ್ತು. ಸೀಲು ಕೆಡುತ್ತದೆ ಎಂದು ಬಿಟ್ಟೆ.

ಸಭಾಂಗಣದಲ್ಲಿ ಸೆಲಿನ್ ಬಾಯಿ ನನ್ನ ವೈನನ್ನು ಒಂದು ಗುಟುಕು ಹೀರಿ, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಆಡಿಸಿದರು. ಮುಖ ಹುಣಿಸೆಹಣ್ಣಾಯಿತು. "ಇದು ವೈನೋ, ದನಕ್ಕೆ ಕುಡಿಸುವ ಔಷಧವೋ? ಗಂಡ ಮಾಡಿದ್ದಾ?" ಇಡೀ ಸಭೆ ನಕ್ಕಿತು. ಅಮ್ಮ ನೆಲ ನೋಡುತ್ತಿದ್ದಳು. ನಾನೂ ಗುಟುಕರಿಸಿದೆ. ದೇವರೇ, ನಾಲಿಗೆ ಸುಲಿದುಹೋಯಿತು. ಗೌರಮ್ಮ, ಮಾದಮ್ಮ ಇಬ್ಬರೂ ಅದನ್ನು ನಾಲಿಗೆಗೆ ಮುಟ್ಟಿಸಿಯೇ ಇರಲಿಲ್ಲ ಎಂದು ಆಗ ಹೊಳೆಯಿತು.

ಆದರೂ ಹಟ. ಎಲ್ಲರೆದುರು ಗ್ಲಾಸನ್ನು ಗೇಣುದ್ದ ಎತ್ತಿ ಗಂಟಲಿಗೆ ಸುರಿದುಕೊಂಡೆ. ಎದೆಯವರೆಗೂ ಬೆಚ್ಚಗಾಯಿತು. ಒಂದು ಹನಿಯೂ ಚೆಲ್ಲಲಿಲ್ಲ. ಗುಂಡ್ಲುಪೇಟೆಯ ಆ ಜಗಲಿಯ ನೆನಪಾಗಿ, ನಂಬಿದರೆ ನಂಬಿ, ಕಣ್ಣಲ್ಲಿ ನೀರು ಬಂತು.

"ನೋಡಿ, ಪೂರ್ತಿ ಘಟ್ಟದವಳೇ ಆಗಿಬಿಟ್ಟಳು" ಎಂದರು ಸೆಲಿನ್ ಬಾಯಿ.

"ಹೌದು, ಆಗಿದ್ದೇನೆ. ಏನೀಗ?" ಎಂದುಬಿಟ್ಟೆ. ಅಂದ ಮೇಲೆ ನನಗೇ ಗಾಬರಿಯಾಯಿತು.

ಮರಳಿ ಬಂದಾಗ ಗೌರಮ್ಮನವರು ಜಗಲಿಯಲ್ಲೇ ಕಾದಿದ್ದರು. "ಏನಾಯ್ತು ಮಂಗ್ಳೂರಮ್ಮ, ಗೆದ್ದಾ?" ನಡೆದದ್ದನ್ನೆಲ್ಲ ಸಿಟ್ಟಿನಿಂದಲೇ ಹೇಳಿದೆ. ಅವರು ಸೆರಗು ಸಿಕ್ಕಿಸಿ ಕುಳಿತರು. ಆಮೇಲೆ, "ನಿನ್ ಲೋಟ ತಾ" ಎಂದರು.

ಅದೇ ಲೋಟ. ಉಳಿದಿದ್ದ ಶುಂಠಿ ವೈನನ್ನು ಅದಕ್ಕೆ ಹಾಕಿಕೊಟ್ಟೆ. ಗೌರಮ್ಮನವರು ನನ್ನ ಎಂಜಲು ಲೋಟಕ್ಕೆ ತುಟಿ ಇಟ್ಟು ಹೀರಿದರು. ಮರುಗಳಿಗೆ ಅಂಗಳಕ್ಕೆ ಉಗಿದರು. "ಅಯ್ಯ, ಇದ್ನ ಯಾವ ಬಾಯಲ್ಲಿ ಚೆಂದಾಗದೆ ಅಂದ್ನೋ!"

ದ್ರಾಕ್ಷಿಯದನ್ನು ಕೊಟ್ಟೆ. ಹೀರಿದರು, ಬಾಯಲ್ಲೇ ಇಟ್ಟುಕೊಂಡರು, ಮತ್ತೆ ಹೀರಿದರು. ಲೋಟ ಕೊಡುವ ಸೂಚನೆ ಕಾಣಲಿಲ್ಲ. ನಾನು ಅವರ ಅಡುಗೆಮನೆಯಿಂದ ಅವರದೊಂದು ಲೋಟ ತಂದು, ಆ ಹಾಳು ಶುಂಠಿಯನ್ನೇ ಬಗ್ಗಿಸಿ, ತುಟಿಗೆ ತಾಗದಂತೆ ಎತ್ತಿ ಕುಡಿದೆ. ಹಿತವಾಗಿತ್ತು.

ಗೌರಮ್ಮನವರು ನನ್ನನ್ನೇ ದುರುಗುಟ್ಟಿ ನೋಡಿದರು. "ಅಲ್ಲ ಕಣಮ್ಮಿ, ಇಂತಾದ್ನ ಮನೇಲಿ ಮಡಿಕಂಡು ಆ ಕಷಾಯ ಯಾಕೆ ಒತ್ಕಂಡೋದೆ?"